ಕಾಲ್ಚೆಂಡು ಮತ್ತು ಎರಡು ಬಟಾಟೆ

ನನ್ನ ಕಾಲು ಯಾರಿಗಾದರೂ ತಾಗಿದರೆ ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಕೆಳಗಿಳಿಯುತ್ತದೆ, ತಾಗಿದ ಜಾಗವನ್ನು ಮುಟ್ಟುತ್ತದೆ, ಮೇಲೆ ಬಂದು ನನ್ನ ಕಣ್ಣಿಗೊತ್ತುತ್ತದೆ. ಇದರಲ್ಲಿ ನನ್ನ ಪಾತ್ರ ಏನೂ ಇಲ್ಲ. ನಿಮ್ಮ ಕೈಯೂ ಹೀಗೇ ಇರಬಹುದು. ಬರೀ ಮನುಷ್ಯರಿಗೆ ಮಾಡಿದ್ದರೆ ಇದನ್ನು ಸಂಸ್ಕಾರ ಎಂದು ಹೇಳಿಕೊಂಡು ಎದೆ ಉಬ್ಬಿಸಬಹುದಿತ್ತು. ಆದರೆ ನಾನು ಪುಸ್ತಕಕ್ಕೆ ಮಾಡಿದ್ದೇನೆ, ರದ್ದಿ ಪೇಪರಿಗೆ ಮಾಡಿದ್ದೇನೆ, ಸಂತೆಯಲ್ಲಿ ಯಾರದೋ ಬದನೆಕಾಯಿ ಚೀಲಕ್ಕೆ ಮಾಡಿದ್ದೇನೆ. ಒಮ್ಮೆ ಕರೆಂಟು ಹೋದಾಗ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಕಾಲು ತಾಗಿ, ಅದು ನನ್ನ ಹೆಂಡತಿಯ ಅಮ್ಮನಲ್ಲ ಎಂದು ಮುಟ್ಟಿದ ಕೂಡಲೇ ಗೊತ್ತಾದರೂ, ಹೊರಟ ಕೈಯನ್ನು ಅರ್ಧಕ್ಕೆ ನಿಲ್ಲಿಸಲು ಮನಸ್ಸಾಗದೆ ಪೂರ್ತಿ ಮಾಡಿ ಮುಗಿಸಿದ್ದೇನೆ. ಅತ್ತೆಯವರು ಬಾಗಿಲಲ್ಲಿ ಮೇಣದ ಬತ್ತಿ ಹಿಡಿದು ನಿಂತು ಅದನ್ನೆಲ್ಲ ನೋಡಿದರು. ಅವತ್ತಿನಿಂದ ಅವರು ನನ್ನ ಜೊತೆ ಸ್ವಲ್ಪ ಮೆಲ್ಲಗೆ ಮಾತಾಡುತ್ತಾರೆ.

ಇಂಥ ಕೈ ಇರುವ ಜನ ಕಾಲ್ಚೆಂಡಿನ ಆಟಕ್ಕೆ ಹೋಗಬಾರದು. ಇದು ನನಗೆ ಈಗ ಗೊತ್ತಾಗಿದೆ. ಆದರೆ ನಮ್ಮ ಅಂಕೋಲೆಯ ಕಾಲೇಜಿಗೆ ಫುಟ್ಬಾಲ್ ತಂಡ ಮೊದಲಿನಿಂದಲೂ ಇತ್ತು, ಮತ್ತು ಮೊದಲಿನಿಂದಲೂ ಸೋಲುತ್ತಿತ್ತು. ಸೋಲುವುದು ಹೋಗಲಿ, ಈ ತಂಡ ಗೋಲು ಹೊಡೆದದ್ದನ್ನು ಕಂಡವರು ಈಗ ಯಾರೂ ಉಳಿದಿರಲಿಲ್ಲ. ದೈಹಿಕ ಶಿಕ್ಷಣದ ಸರ್ ವರ್ಗವಾಗಿ ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆದು ತಂಡದ ಮ್ಯಾನೇಜರ್ ಮಾಡಿದರು. ನಾನು ಕನ್ನಡ ಕಲಿಸುವವನು, ಕೇರಂ ಬೋರ್ಡಿಗೆ ಪೌಡರ್ ಹಾಕಿದ್ದು ಬಿಟ್ಟರೆ ನನಗೂ ಆಟಕ್ಕೂ ಸಂಬಂಧವಿಲ್ಲ ಎಂದೆ. ಅದಕ್ಕೇ ನಿಮಗೆ ಬಿಡುವು ಇರುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಈ ವರ್ಷ ಕಾರವಾರದ ಕಾಲೇಜಿನ ಮೇಲಾದರೂ ಗೆಲ್ಲದಿದ್ದರೆ ಫುಟ್ಬಾಲ್ ಬಂದ್. ಮೈದಾನದಲ್ಲಿ ಗಾಡಿ ನಿಲ್ಲಿಸಲು ತಗಡಿನ ಶೆಡ್ಡು ಎಬ್ಬಿಸುವುದು, ಹುಡುಗರಿಗೆ ಚದುರಂಗ ಕಲಿಸುವುದು. ಚದುರಂಗದಲ್ಲಿ ಅಂಗಿ ತೊಳೆಯುವ ಖರ್ಚೂ ಇಲ್ಲ ಎಂದು ಅವರಿಗೆ ಬಹಳ ಸಮಾಧಾನವಿತ್ತು.

ಹುಡುಗರಿಗೆ ಈ ಸುದ್ದಿ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಅದರಲ್ಲೂ ನಮ್ಮ ಕ್ಯಾಪ್ಟನ್ ಶೆಟಗೇರಿಯ ವೆಂಕಟೇಶ. ಅಪ್ಪನ ಗದ್ದೆ ಕೆಲಸ ಮುಗಿಸಿ, ಸೈಕಲ್ ಹೊಡೆದುಕೊಂಡು ಬಂದು, ಎಲ್ಲರಿಗಿಂತ ಮೊದಲು ಮೈದಾನದ ದನ ಓಡಿಸುವವನು ಅವನು. ಮಾತು ಕಡಿಮೆ. ಚೆಂಡನ್ನು ನನ್ನ ವಿಭಾಗದ ಕಪಾಟಿನಲ್ಲಿ ಇಡುವಾಗ, ಮೇಲಿನ ಹಲಗೆಯಲ್ಲಿ ಜಾಗವಿದ್ದರೂ, ಅಲ್ಲಿ ನಿಘಂಟು ಇದೆ ಎಂದು ಎಲ್ಲಕ್ಕಿಂತ ಕೆಳಗೆ ಬಗ್ಗಿ ಇಡುತ್ತಿದ್ದ. ಮೈದಾನ ಹೋಗುತ್ತದೆ ಎಂದಾಗ ಅವನು, "ಹಂಗಾರೆ ನಾವು ಸಂಜೆಗೆ ಎಲ್ಲಿ ಹೋಗುದು ಸರ್?" ಎಂದು ಮಾತ್ರ ಕೇಳಿದ. ಮನಸ್ಸಿಗೆ ಬಹಳ ಬೇಜಾರಾಯಿತು.

ಆ ಹೊತ್ತಿಗೆ ಸರಿಯಾಗಿ ಡೆಕ್ಲನ್ ಬಂದ. ನಾನು ಕಾರವಾರದ ಪಕ್ಕದ ಬಿಣಗಾದಿಂದ ದಿನಾ ಅಂಕೋಲೆಗೆ ಬಸ್ಸಿನಲ್ಲಿ ಹೋಗುವವನು. ಒಂದು ಬೆಳಿಗ್ಗೆ ಕಾರವಾರದಿಂದ ಬಂದ ಬಸ್ಸಿನಲ್ಲಿ ಕೆಂಪು ಕೂದಲಿನ, ಕೆಂಪು ಮುಖದ, ವಿಪರೀತ ಉದ್ದ ಕಾಲಿನ ಮನುಷ್ಯನೊಬ್ಬ ಕೂತಿದ್ದ. ಆ ಕಾಲುಗಳನ್ನು ಎಲ್ಲಿಡಬೇಕೆಂದು ಅವನಿಗೂ ತಿಳಿದಿರಲಿಲ್ಲ, ಬಸ್ಸು ಮಾಡಿದವರಿಗೂ ತಿಳಿದಿರಲಿಲ್ಲ. ಎದುರಿಗೆ ಬೇಲೆಕೇರಿಗೆ ಹೋಗುವ ಮೀನಿನ ಹೆಂಗಸೊಬ್ಬಳು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಸ್ಸು ತಿರುವಿನಲ್ಲಿ ವಾಲಿದಾಗ ಅವನ ಬೂಟು ಬುಟ್ಟಿಗೆ ತಾಗಿತು. ಅವನು ಸಾರಿ ಎಂದ. ಅವಳು ಸುಮ್ಮನೆ ಅವನ ಬೂಟು ನೋಡಿದಳು. ಅವನು ಮತ್ತೆ ಸಾರಿ ಎಂದ. ಅವಳು ಬುಟ್ಟಿ ನೋಡಿದಳು. ಅವನು ಎಷ್ಟು ಸಾರಿ ಹೇಳಿದರೂ ವಿಷಯ ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಅವನ ಪರವಾಗಿ ಬಗ್ಗಿ ಬುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವಳಿಗೆ ತೃಪ್ತಿಯಾಗಿ ಕಿಟಕಿಯ ಕಡೆ ತಿರುಗಿದಳು. ನನ್ನ ಕೈಗೆ ಅವತ್ತು ಇಡೀ ದಿನ ಮೀನಿನ ವಾಸನೆ ಇತ್ತು. ಆದರೆ ಡೆಕ್ಲನ್‌ನ ಸ್ನೇಹ ಆದದ್ದು ಹಾಗೆ.

ಅವನ ಕತೆ ಆ ವಾರದ ಬಸ್ಸುಗಳಲ್ಲಿ ತುಂಡು ತುಂಡಾಗಿ ತಿಳಿಯಿತು. ಊರು ಐರ್ಲೆಂಡಿನ ಪಶ್ಚಿಮ ಕರಾವಳಿ. ನಮ್ಮಲ್ಲಿಯ ಹಾಗೇ ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಒಂದೇ ರಸ್ತೆ, ಮೇಲಿನಿಂದ ಮಳೆ. ಹುಡುಗನಾಗಿದ್ದಾಗ ಚೆನ್ನಾಗಿ ಆಡುತ್ತಾನೆಂದು ಅಮೆರಿಕದ ಕಾಲೇಜೊಂದು ಫೀಸು, ಊಟ, ಹಾಸಿಗೆ ಎಲ್ಲ ಕೊಟ್ಟು ಕರೆಸಿಕೊಂಡಿತು. ಚೆಂಡು ಒದೆಯುವುದಕ್ಕೆ ಫೀಸು ಮಾಫಿ ಮಾಡುವ ದೇಶವಿದೆ ಎಂದು ಕೇಳಿ ನಾನು ಎರಡು ಸ್ಟಾಪು ಮಾತಾಡಲಿಲ್ಲ. ಅಲ್ಲಿ ಮೂರನೆಯ ವರ್ಷ ಯಾರೋ ಒದ್ದು ಅವನ ಬಲಮೊಣಕಾಲು ಹಾಳಾಯಿತು. ಆಡುವುದು ನಿಂತು ಆಡಿಸುವುದು ಶುರುವಾಯಿತು. ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಕೋಚ್ ಆಗಿ ತಿರುಗಿದ. ಅವುಗಳಲ್ಲೊಂದರಲ್ಲಿ ಕಡಲಜೀವಿಗಳ ಬಗ್ಗೆ ಓದುತ್ತಿದ್ದ ಕಾರವಾರದ ಶರ್ಮಿಳಾ ಸಿಕ್ಕಿದಳು, ಮದುವೆಯಾಯಿತು. ಈಗ ಅವಳು ಒಂದು ವರ್ಷ ಕಾರವಾರದ ಕಡಲನ್ನೇ ಅಭ್ಯಾಸ ಮಾಡಲು ತವರಿಗೆ ಬಂದಿದ್ದಾಳೆ. ಅವಳು ಕಡಲಿಗೆ ಹೋದ ಮೇಲೆ ಇವನು ಅತ್ತೆಮನೆಯಲ್ಲಿ ಕೂರಬೇಕು. ಅತ್ತೆ ಅವನನ್ನು ಜಾಂವಯ್, ಅಂದರೆ ಅಳಿಯ, ಎಂದು ಕರೆಯುತ್ತ ತಾಟಿಗೆ ಮೀನು ಬಡಿಸುತ್ತಲೇ ಇರುತ್ತಾರಂತೆ. ಸೋಮವಾರ ಒಂದು ದಿನ ಮನೆಯಲ್ಲಿ ಮೀನಿಲ್ಲ, ಅವತ್ತು ಬೇಳೆ ಬಡಿಸುತ್ತಲೇ ಇರುತ್ತಾರಂತೆ. ತಪ್ಪಿಸಿಕೊಳ್ಳಲು ಅವನು ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿ ಬರುತ್ತಿದ್ದ. ಅಂಕೋಲೆಯಲ್ಲಿ ನಮ್ಮ ಮೈದಾನಕ್ಕೆ ಇಳಿ ಮಾರಾಯ ಎಂದೆ. ಸಂಬಳವಿಲ್ಲ ಎಂದು ತಿಳಿದ ಕೂಡಲೇ ಪ್ರಿನ್ಸಿಪಾಲರು ಅವನಿಗೆ ಹೂವಿನ ಹಾರ ಹಾಕಿದರು.

ಮೊದಲ ದಿನದ ಪ್ರಾಕ್ಟೀಸು. ಡೆಕ್ಲನ್ ಹುಡುಗರನ್ನು ಎರಡು ಭಾಗ ಮಾಡಿ ಆಡಲು ಬಿಟ್ಟ. ಸ್ವಲ್ಪ ಹೊತ್ತು ನೋಡಿ, ಸೀಟಿ ಊದಿ, ನನ್ನ ಹತ್ತಿರ ಬಂದು, ಹುಡುಗರು ಏನನ್ನು ಕಳೆದುಕೊಂಡಿದ್ದಾರೆ, ಎಲ್ಲರೂ ಬಗ್ಗಿ ಬಗ್ಗಿ ಹುಡುಕುತ್ತಿದ್ದಾರಲ್ಲ ಎಂದು ಕೇಳಿದ. ಏನೂ ಕಳೆದಿಲ್ಲ ಎಂದೆ. ಹಾಗಾದರೆ ಬಗ್ಗುವುದು ಏಕೆ ಎಂದ. ಆಗಲೇ ನಾನು ನಮ್ಮ ತಂಡವನ್ನು ಮೊದಲ ಬಾರಿ ಕಣ್ಣು ಬಿಟ್ಟು ನೋಡಿದ್ದು. ಎದುರಿನವನ ಕಾಲಿನಿಂದ ವೆಂಕಟೇಶ ಚೆಂಡು ಕಸಿಯುತ್ತಾನೆ, ಚೆಂಡು ಸಿಗುತ್ತದೆ, ಆದರೆ ಕಾಲಿಗೆ ಕಾಲು ತಾಗಿರುತ್ತದೆ. ಕೂಡಲೇ ವೆಂಕಟೇಶ ನಿಲ್ಲುತ್ತಾನೆ, ಬಗ್ಗುತ್ತಾನೆ, ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ಚೆಂಡು ಬೇರೆಯವರ ಪಾಲು. ಆ ಬೇರೆಯವನೂ ಯಾರಿಗೋ ಕಾಲು ತಾಗಿಸಿ ಬಗ್ಗಿರುತ್ತಾನೆ. ಹೀಗೆ ಚೆಂಡು ಒಂಟಿಯಾಗಿ ಮೈದಾನದಲ್ಲಿ ಉರುಳಾಡುತ್ತಿತ್ತು. ಅಷ್ಟು ವರ್ಷ ನಮಗೆ ಗೋಲು ಏಕಾಗಲಿಲ್ಲ ಎಂಬುದು ಆಗ ತಿಳಿಯಿತು. ನನಗೆ ಮೊದಲೇ ಕಾಣದಿದ್ದುದಕ್ಕೆ ಕಾರಣವೂ ಇದೆ. ಅದು ನನಗೆ ಆಟದ ಭಾಗವೆಂದೇ ಅನ್ನಿಸಿತ್ತು.

ನನ್ನ ಇಂಗ್ಲಿಷಿನಲ್ಲಿ ಸಾಧ್ಯವಾದಷ್ಟು ವಿವರಿಸಿದೆ. ಕಾಲು ತಾಗುವುದು ಅವಮಾನ, ಮುಟ್ಟಿ ನಮಸ್ಕರಿಸಿದರೆ ಅದು ಅಳಿಯುತ್ತದೆ ಎಂದೆ. ಡೆಕ್ಲನ್ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ತನ್ನ ಬಲಮೊಣಕಾಲನ್ನು ತಿಕ್ಕಿಕೊಂಡ. "ನನಗೆ ಒದ್ದವನು ತಿರುಗಿ ಕೂಡ ನೋಡಲಿಲ್ಲ" ಎಂದ. ಅದೇ ವಾರ ವೆಂಕಟೇಶನ ಕಾಲು ಡೆಕ್ಲನ್‌ನ ಅದೇ ಮೊಣಕಾಲಿಗೆ ಬಡಿಯಿತು. ವೆಂಕಟೇಶ ಗಾಬರಿಯಾಗಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡ. ಡೆಕ್ಲನ್ ಆ ಕಡೆ ಮುಖ ಮಾಡಿ ಗುಡ್ಡದಲ್ಲಿ ಏನೋ ಇರುವ ಹಾಗೆ ನೋಡುತ್ತ ನಿಂತ. ಇದನ್ನು ಬಿಡಿಸುವುದು ಬೇಡ, ಆದರೆ ಹೀಗೇ ಬಿಟ್ಟರೆ ಮೈದಾನ ಉಳಿಯುವುದಿಲ್ಲ, ಏನಾದರೂ ದಾರಿ ಹುಡುಕೋಣ ಎಂದು ಬಸ್ಸಿನಲ್ಲಿ ಹೇಳಿದ.

ಮೊದಲ ದಾರಿ ಲಿಂಬೆಹಣ್ಣು. ಅಮೆರಿಕದಲ್ಲಿ ಹುಡುಗರು ಎದುರಿನವರ ಅಂಗಿ ಜಗ್ಗಬಾರದೆಂದು ಕೋಚುಗಳು ಎರಡೂ ಕೈಗೆ ಟೆನಿಸ್ ಚೆಂಡು ಕೊಟ್ಟು ಆಡಿಸುತ್ತಾರಂತೆ. ಕೈ ತುಂಬಿದ್ದರೆ ಮುಟ್ಟಲು ಹೋಗುವುದಿಲ್ಲ ಎಂಬುದು ತತ್ವ. ಅಷ್ಟು ಟೆನಿಸ್ ಚೆಂಡು ಎಲ್ಲಿಂದ ತರುವುದು? ಡೆಕ್ಲನ್ ಪೇಟೆಗೆ ಹೋಗಿ ತಾನೇ ಒಂದು ಚೀಲ ಲಿಂಬೆಹಣ್ಣು ತಂದ. ಹುಡುಗರು ಹಿಡಿದುಕೊಂಡು ಓಡಿದರು, ಅರ್ಧದಷ್ಟು ಅಲ್ಲಲ್ಲೇ ಉದುರಿಸಿದರು. ಕತ್ತಲಾಯಿತೆಂದು ಎಲ್ಲರೂ ಮನೆಗೆ ಹೋದೆವು. ಮರುದಿನ ಬೆಳಿಗ್ಗೆ ಕಾಲೇಜಿಗೆ ಬಂದವರು ಮೈದಾನದ ತುಂಬ ಬಿದ್ದ ಲಿಂಬೆಹಣ್ಣು ನೋಡಿ ನಿಂತಲ್ಲೇ ನಿಂತರು. ಯಾರೋ ಬಲವಾಗಿಯೇ ಮಾಡಿಸಿದ್ದಾರೆ ಎಂದು ಸುದ್ದಿಯಾಯಿತು. ನಾಲ್ಕು ದಿನ ಹುಡುಗಿಯರು, ಪ್ಯೂನು, ಕಡೆಗೆ ರಸಾಯನಶಾಸ್ತ್ರದ ಮುಖ್ಯಸ್ಥರು ಕೂಡ ಮೈದಾನ ದಾಟದೆ ಬೇಲಿ ಸುತ್ತಿಕೊಂಡು ಬಂದರು. ಪ್ರಿನ್ಸಿಪಾಲರಂತೂ ಶೆಡ್ಡಿಗೆ ಅಳತೆ ಹಾಕಲು ಬಂದವನನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಈ ಒಂದು ಲಾಭ ಬಿಟ್ಟರೆ ಲಿಂಬೆಹಣ್ಣಿನಿಂದ ಬೇರೆ ಉಪಯೋಗವಾಗಲಿಲ್ಲ.

ಎರಡನೆಯ ದಾರಿ ಬಟಾಟೆ. ಬಟಾಟೆಗೆ ಮಾಟ ಮಾಡುವವರು ಯಾರೂ ಇಲ್ಲ, ಹಿಡಿಯಲು ಕೈತುಂಬ ಇರುತ್ತದೆ. ಇದು ನನ್ನದೇ ಸಲಹೆ, ಬಟಾಟೆಯೂ ನಮ್ಮ ಮನೆಯದೇ. ಭಾಜಿಗೆಂದು ತಂದಿಟ್ಟದ್ದು ಖಾಲಿಯಾದದ್ದನ್ನು ನೋಡಿ ಹೆಂಡತಿ ಕೇಳಿದಾಗ, ಫುಟ್ಬಾಲಿಗೆ ಬೇಕಾಗಿತ್ತು ಎಂದೆ. ಅವಳು ಮುಂದೆ ಕೇಳಲಿಲ್ಲ. ಗ್ಯಾಸ್ ಸಿಲಿಂಡರಿನ ಘಟನೆ ಅವಳಿಗೂ ಗೊತ್ತಿತ್ತು. ಆ ಸಂಜೆ ಹುಡುಗರು ಎರಡೂ ಕೈಯಲ್ಲಿ ಬಟಾಟೆ ಹಿಡಿದು ಆಡಿದರು. ವೆಂಕಟೇಶ ಚೆಂಡು ಕಸಿದ, ಕಾಲು ತಾಗಿತು. ಡೆಕ್ಲನ್ ಉಸಿರು ಹಿಡಿದು ನೋಡಿದ. ವೆಂಕಟೇಶ ನಿಂತ, ಬಗ್ಗಿದ, ಬಟಾಟೆಯಿಂದಲೇ ಎದುರಿನವನ ಮೊಣಕಾಲು ಮುಟ್ಟಿದ, ಬಟಾಟೆಯನ್ನೇ ಕಣ್ಣಿಗೊತ್ತಿಕೊಂಡ. ಡೆಕ್ಲನ್ ಹುಲ್ಲಿನ ಮೇಲೆ ಕೂತುಬಿಟ್ಟ. "ಬೇಕಂತ ಮಾಡುದಲ್ಲ ಸರ್. ಕೈ ಹೋಗ್ತದೆ" ಎಂದು ವೆಂಕಟೇಶ ಅಳುವ ದನಿಯಲ್ಲಿ ಹೇಳಿದ.

ಮೂರನೆಯ ದಾರಿ ಹೊಳೆದದ್ದು ನನಗೇ. ದೇವರಿಗೆ ನಾವು ಏನನ್ನಾದರೂ ಕೂಡಲೇ ಕೊಡುತ್ತೇವೆಯೇ? ಹರಕೆ ಹೊರುತ್ತೇವೆ. ಕೆಲಸ ಆಗಲಿ, ಆಮೇಲೆ ತೀರಿಸುತ್ತೇವೆ ಎನ್ನುತ್ತೇವೆ. ದೇವರೇ ಒಪ್ಪಿರುವ ಈ ವ್ಯವಸ್ಥೆ ಮೊಣಕಾಲಿಗೆ ಏಕಾಗಬಾರದು? ಹುಡುಗರನ್ನು ಕೂರಿಸಿ ಹೇಳಿದೆ: ಆಟದ ನಡುವೆ ಯಾರಿಗೆ ಕಾಲು ತಾಗಿದರೂ ಮನಸ್ಸಿನಲ್ಲೇ ಹರಕೆ ಹೊತ್ತುಕೊಳ್ಳಿ, ಆಟ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ತೀರಿಸಿ. ಅವರ ಮುಖ ಬೆಳಗಿತು. ಹರಕೆ ಎಂದರೆ ಅವರಿಗೆ ತಿಳಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ಆಟ ಮುಗಿದದ್ದು ಹೇಗೆ ಗೊತ್ತಾಗಬೇಕು ಎಂದು ಒಬ್ಬ ಕೇಳಿದ, ರೆಫ್ರಿ ಸುಮ್ಮಸುಮ್ಮನೆ ಸೀಟಿ ಊದುತ್ತಿರುತ್ತಾರಲ್ಲ. ಡೆಕ್ಲನ್ ಯೋಚಿಸಿ, ಸೀಟಿ ನಂಬಬೇಡಿ, ಮ್ಯಾನೇಜರ್ ಸರ್ ಕಡೆ ನೋಡಿ, ಅವರು ಎದುರಾಳಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಆಟ ಮುಗಿಯಿತು ಎಂದು ತಿಳಿಯಿರಿ, ಆಗ ನೀವೂ ಶುರು ಮಾಡಿ ಎಂದ. ದಿನಾ ಸಂಜೆ ಪ್ರಾಕ್ಟೀಸಿನ ಕೊನೆಗೆ ನಾನು ಮೊದಲು ಬಗ್ಗುವುದು, ನನ್ನ ಹಿಂದೆ ಅವರೆಲ್ಲ ಬಗ್ಗುವುದು ರೂಢಿಯಾಯಿತು. ಇಡೀ ತಂಡದಲ್ಲಿ ನನ್ನಷ್ಟು ಜವಾಬ್ದಾರಿ ಯಾರಿಗೂ ಇಲ್ಲ ಎಂದು ನಾನು ಸ್ವಲ್ಪ ಬೀಗಿದೆ ಕೂಡ.

ವೆಂಕಟೇಶನ ಅಜ್ಜಿಗೆ ಮಾತ್ರ ಇದು ಸರಿಬರಲಿಲ್ಲ. ಪೇಟೆಗೆ ಸೊಪ್ಪು ತಂದವರು ಕಾಲೇಜಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು. ಮೊಮ್ಮಗ ಮನೆಯಲ್ಲೂ ತನಗೆ ಕಾಲು ತಾಗಿಸಿ, ರಾತ್ರಿ ಊಟವಾದ ಮೇಲೆ ಒಟ್ಟಿಗೆ ಮಾಡುತ್ತೇನೆ ಎನ್ನುತ್ತಾನೆ ಎಂಬುದು ಅವರ ದೂರು. ದೇವರೇ ಕಾಯುತ್ತಾನಲ್ಲ ಅಜ್ಜಿ ಎಂದೆ. "ದೇವ್ರು ಕಾಯ್ತಾನೆ ಮಾಸ್ತರೇ. ನನ್ನ ಮಂಡಿ ಕಾಯುದಿಲ್ಲ" ಎಂದು ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದರು. ಪಂದ್ಯ ಹತ್ತಿರವಿತ್ತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಪಂದ್ಯ ಕಾರವಾರದಲ್ಲಿ, ಕಡಲಿಗೆ ಹತ್ತಿರದ ಮೈದಾನದಲ್ಲಿ. ಪ್ರಿನ್ಸಿಪಾಲರು ಕೊಡೆ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಡೆಕ್ಲನ್‌ನ ಅತ್ತೆಯವರು ಅಳಿಯ ಕೆಲಸ ಮಾಡುವುದನ್ನು ನೋಡಲು ಡಬ್ಬಿಯಲ್ಲಿ ಹುರಿದ ಮೀನು ಹಿಡಿದು ಬಂದಿದ್ದರು. ಆಟ ಶುರುವಾಯಿತು, ನನಗೆ ನನ್ನ ಕಣ್ಣು ನಂಬಲಾಗಲಿಲ್ಲ. ನಮ್ಮ ಹುಡುಗರು ಕಸಿಯುತ್ತಾರೆ, ತಾಗಿಸುತ್ತಾರೆ, ಓಡುತ್ತಾರೆ. ಬಗ್ಗುವವರೆಲ್ಲ ಕಾರವಾರದವರೇ, ಅವರೂ ನಮ್ಮವರೇ ಅಲ್ಲವೇ, ಅವರಿಗೆ ಹರಕೆಯ ವಿಷಯ ಯಾರು ಹೇಳಿದ್ದರು? ಮೊದಲರ್ಧ ಮುಗಿಯುವ ಹೊತ್ತಿಗೆ ವೆಂಕಟೇಶ ತನ್ನ ಗೋಲಿನ ಹತ್ತಿರದಿಂದ ಚೆಂಡನ್ನು ಬೀಸಿ ಒದ್ದ. ಕಡಲ ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಕಾರವಾರದ ಗೋಲ್‌ಕೀಪರ್ ಆಗಷ್ಟೇ ತನ್ನದೇ ಡಿಫೆಂಡರನ ಕಾಲು ತುಳಿದು, ಬಗ್ಗಿ ಮುಟ್ಟುತ್ತಿದ್ದ. ಚೆಂಡು ಅವನ ಬೆನ್ನ ಮೇಲಿನಿಂದ ಹಾದು ಒಳಗೆ ಹೋಯಿತು. ಗೋಲು. ಪ್ರಿನ್ಸಿಪಾಲರು ಕೊಡೆ ಬಿಟ್ಟರು, ಗಾಳಿ ಅದನ್ನೂ ತೆಗೆದುಕೊಂಡು ಹೋಯಿತು. ಅತ್ತೆಯವರು ಎಲ್ಲರಿಗೂ ಮೀನು ಹಂಚಿದರು. ಡೆಕ್ಲನ್ ನನ್ನನ್ನು ಎತ್ತಿ ಇಳಿಸಿದ.

ಎರಡನೆಯ ಅರ್ಧವೂ ಹಾಗೇ ಸಾಗಿತು. ಇನ್ನೇನು ಮುಗಿಯಬೇಕು. ಮೈದಾನ ಉಳಿಯಿತು ಎಂದು ನಾನು ಗೆರೆಯ ಆಚೆ ನಿಂತು ಸಂಜೆಯ ಸನ್ಮಾನದಲ್ಲಿ ಆಡಬೇಕಾದ ಮಾತು ಜೋಡಿಸುತ್ತಿದ್ದೆ. ನಮ್ಮವನ ಕಾಲಿಗೆ ಬಡಿದ ಚೆಂಡು ಗೆರೆ ದಾಟಿ ಉರುಳುತ್ತ ನೇರ ನನ್ನ ಹತ್ತಿರ ಬಂತು. ಇಷ್ಟು ದಿನದಲ್ಲಿ ಚೆಂಡು ತಾನಾಗಿ ನನ್ನ ಬಳಿ ಬಂದದ್ದು ಅದೇ ಮೊದಲು. ಜನರೆಲ್ಲ ನೋಡುತ್ತ ನಿಂತಿರುವಾಗ ಕೈಯಲ್ಲಿ ಹಿಡಿಯುವುದು ಮ್ಯಾನೇಜರಿಗೆ ಶೋಭೆಯಲ್ಲ ಎಂದು ಕಾಲು ಚಾಚಿದೆ. ಚೆಂಡು ನನ್ನ ಚಪ್ಪಲಿಯ ಮೇಲೆ ಹಾರಿ ಹೋಯಿತು. ಚಪ್ಪಲಿ ಕಾಲಿನಿಂದ ಕಳಚಿ ಹೋಗಿ, ಥ್ರೋ ಮಾಡಲು ಚೆಂಡಿಗಾಗಿ ಓಡಿಬಂದ ಕಾರವಾರದ ಹುಡುಗನ ಮೊಣಕಾಲಿಗೆ ಬಡಿಯಿತು.

ನನ್ನ ಬಲಗೈ ನನ್ನನ್ನು ಕೇಳಲಿಲ್ಲ.

ಕಣ್ಣಿಗೊತ್ತಿಕೊಂಡು ತಲೆಯೆತ್ತಿ ನೋಡುತ್ತೇನೆ, ಮೈದಾನದಲ್ಲಿ ನಮ್ಮ ಹನ್ನೊಂದೂ ಹುಡುಗರು ಸಂತೋಷದಿಂದ ಹರಕೆ ತೀರಿಸಲು ಹೊರಟಿದ್ದಾರೆ. ಒಬ್ಬೊಬ್ಬರನ್ನೇ ಹುಡುಕಿ ಹೋಗಿ ಬಗ್ಗುತ್ತಿದ್ದಾರೆ. ಅವರು ಹೊತ್ತುಕೊಂಡ ಹರಕೆಗಳಾದರೂ ಕಡಿಮೆಯೇ? ನಮ್ಮ ಗೋಲ್‌ಕೀಪರ್ ಗೋಲು ಬಿಟ್ಟು ಮೈದಾನದ ನಡುವಿನವರೆಗೆ ಓಡಿ ಅವರ ಕ್ಯಾಪ್ಟನ್‌ನ ಪಾದ ಹಿಡಿದಿದ್ದ. ಇನ್ನೂ ಮುಗಿದಿಲ್ಲ ಎಂದು ನಾನು ಕೂಗಿದೆ, ಡೆಕ್ಲನ್ ಕೂಗಿದ, ಪ್ರಿನ್ಸಿಪಾಲರು ಕೂಗಿದರು. ಕಾರವಾರದವನು ಥ್ರೋ ಮಾಡಿದ, ಇನ್ನೊಬ್ಬ ಯಾರೂ ಇಲ್ಲದ ಗೋಲಿಗೆ ಚೆಂಡನ್ನು ಮೆಲ್ಲಗೆ ತಳ್ಳಿದ. ರೆಫ್ರಿ ಆಟ ಮುಗಿಯಿತೆಂದು ಸೀಟಿ ಊದಿದರು. ಒಂದಕ್ಕೆ ಒಂದು, ಸಮ. ಗೆಲುವು ಇಲ್ಲ.

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ವೆಂಕಟೇಶ ನನ್ನನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು, "ಕೈ ಹೋಗ್ತದೆ ಸರ್" ಎಂದು ನನ್ನನ್ನೇ ಸಮಾಧಾನ ಮಾಡಿದ. ಆಗ ಕಾರವಾರದ ಕ್ಯಾಪ್ಟನ್ ರೆಫ್ರಿಯ ಹತ್ತಿರ ಹೋಗಿ ಆ ಗೋಲು ತಮಗೆ ಬೇಡ ಎಂದ. ರೆಫ್ರಿ ನಿಯಮದಲ್ಲಿ ನಮಸ್ಕಾರದ ಪ್ರಸ್ತಾಪವೇ ಇಲ್ಲ, ಗೋಲು ಗೋಲೇ ಎಂದರು. ಕ್ಯಾಪ್ಟನ್ ನಮ್ಮ ಪ್ರಿನ್ಸಿಪಾಲರ ಕಡೆ ತಿರುಗಿ, "ನಮ್ಮ ಕಾಲು ಹಿಡಿದವರ ಮೇಲೆ ಗೋಲು ಹೊಡೆದ್ರೆ ಮನೇಲಿ ಊಟ ಹಾಕುದಿಲ್ಲ ಸರ್. ಮಳೆಗಾಲ ಮುಗೀಲಿ, ನಾವೇ ಅಂಕೋಲೆಗೆ ಬರ್ತೇವೆ. ನಿಮ್ಮ ಮೈದಾನದಲ್ಲೇ ಇನ್ನೊಮ್ಮೆ ಆಡುವಾ" ಎಂದ. ಪ್ರಿನ್ಸಿಪಾಲರು ಅಲ್ಲಿ ನೆರೆದ ಕಾರವಾರದ ಜನರನ್ನೆಲ್ಲ ನೋಡಿದರು. ಮೈದಾನದಲ್ಲಿ ಶೆಡ್ಡು ಎದ್ದಿದೆ ಎಂದರೆ ಅಂಕೋಲೆಯವರು ಹೆದರಿದರು ಎನ್ನುತ್ತಾರೆ. ಆಗಲಿ ಎಂದರು. ಹೀಗೆ ನಮ್ಮ ಮೈದಾನವೇ ಒಂದು ಹರಕೆಯಾಗಿ ಉಳಿಯಿತು. ಡೆಕ್ಲನ್ ಮಾತ್ರ ಇದಾವುದನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹುಲ್ಲಿನ ಮೇಲೆ ಮಲಗಿ ಕಣ್ಣೀರು ಬರುವಷ್ಟು ನಗುತ್ತಿದ್ದ, ಅವನ ಅತ್ತೆಯವರು ಅಳಿಯನಿಗೆ ಏನಾಯಿತೋ ಎಂದು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು.

ಮಳೆ ಶುರುವಾಗುವ ಮೊದಲು ಡೆಕ್ಲನ್‌ಗೆ ಅಮೆರಿಕದ ಇನ್ನೊಂದು ಕಾಲೇಜಿನಲ್ಲಿ ಕೋಚ್ ಕೆಲಸ ಸಿಕ್ಕಿತು. ಹೊರಡುವ ದಿನ ಅವನ ಅತ್ತೆಮನೆಯ ಜಗುಲಿಯಲ್ಲಿ ಅವನ ಉದ್ದ ಕಾಲು ನನ್ನ ಕಾಲಿಗೆ ತಾಗಿತು. ಅವನು ಸಾರಿ ಎನ್ನಲಿಲ್ಲ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಮೆರಿಕಕ್ಕೆ ಹೋದ ಮೇಲೆ ಮೊದಲ ಮೀಟಿಂಗಿನಲ್ಲೇ ಮೇಜಿನಡಿ ಅವನ ಬೂಟು ಕಾಲೇಜಿನ ಮುಖ್ಯಸ್ಥೆಗೆ ತಾಗಿತಂತೆ. ಇವನು ಕೂಡಲೇ ಮೇಜಿನಡಿಗೆ ಇಳಿದನಂತೆ. ವಿವರಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು, ಈಗ ಆಕೆ ದೂರದ ಕುರ್ಚಿಯಲ್ಲಿ ಕೂರುತ್ತಾಳೆ ಎಂದು ಫೋನಿನಲ್ಲಿ ಹೇಳಿದ.

ನಾಳೆ ಆ ಮರುಪಂದ್ಯ. ಡೆಕ್ಲನ್ ಇಲ್ಲದ ಕಾರಣ ಕೋಚಿನ ಕೆಲಸವನ್ನೂ ಪ್ರಿನ್ಸಿಪಾಲರು ನನಗೇ ವಹಿಸಿದ್ದಾರೆ. ವೆಂಕಟೇಶ ಬೆಳಿಗ್ಗೆಯೇ ಬಂದು ಮೈದಾನದ ಹುಲ್ಲು ಕೊಯ್ದು ಗೆರೆ ಎಳೆದಿದ್ದಾನೆ. ಅವನ ಅಜ್ಜಿಯೂ ಬರುತ್ತಾರಂತೆ. ಸಂಜೆ ಡೆಕ್ಲನ್ ಫೋನು ಮಾಡಿದ. ಹುಡುಗರಿಗೆ ಹೇಳುವುದು ಏನೂ ಇಲ್ಲ, ಅವರಿಗೆಲ್ಲ ಗೊತ್ತಿದೆ, ಆಟ ಮುಗಿಯುವವರೆಗೆ ಮ್ಯಾನೇಜರನ ಎರಡೂ ಕೈಯಲ್ಲಿ ಬಟಾಟೆ ಇರಲಿ, ಇಷ್ಟೇ ನನ್ನ ಸೂಚನೆ ಎಂದ. ಹೆಂಡತಿ ಈಗಷ್ಟೇ ಎರಡು ದೊಡ್ಡ ಬಟಾಟೆ ಆರಿಸಿ, ತೊಳೆದು, ನನ್ನ ಅಂಗಿಯ ಪಕ್ಕ ಇಟ್ಟು ಹೋಗಿದ್ದಾಳೆ. ಬಟಾಟೆ ಹಿಡಿದುಕೊಂಡೂ ನಮಸ್ಕಾರ ಮಾಡಬಹುದು ಎಂಬುದು ಡೆಕ್ಲನ್‌ಗೆ ಮರೆತುಹೋಗಿರಬೇಕು. ನಾನೂ ನೆನಪಿಸಲಿಲ್ಲ.